ಗಂಟು, ಸೊಟ್ಟ, ಬಿರುಕು: ಹಿಪ್ಪುನೇರಳೆ ಮರದಿಂದ ಕೈಯಾರೆ ಬಿಲ್ಲು ಮಾಡುವುದು ಹೇಗೆ

ಬಿಲ್ಲು ಮಾಡಬೇಕೆಂದು ಹೊರಟವರಿಗೆ ಎಲ್ಲರೂ ಹೇಳುವುದು ಒಂದೇ ಮಾತು: ಗಂಟಿಲ್ಲದ, ನೆಟ್ಟಗಿರುವ ಮರ ಹುಡುಕು. ಮಾತು ಸರಿ. ಆದರೆ ಅಂಥ ಮರ ಸಿಗಬೇಕಲ್ಲ! ಟಿಂಬರ್ ಡಿಪೋದಲ್ಲಿ ಸಿಗುವ ಹಲಗೆಯನ್ನು ಗರಗಸದಲ್ಲಿ ನೇರಕ್ಕೆ ಕೊಯ್ದಿರುತ್ತಾರೆ. ಮರದೊಳಗಿನ ಎಳೆ ಎತ್ತ ಹೋಗಿದೆ ಎಂದು ಗರಗಸ ನೋಡುವುದಿಲ್ಲ. ಅಂಥ ಹಲಗೆ ಬಾಗಿಸಿದರೆ ಎಳೆ ತುಂಡಾದ ಜಾಗದಲ್ಲೇ ಲಟಕ್ಕನೆ ಮುರಿಯುತ್ತದೆ. ಕೊಡಲಿ ಕಾವಿಗೆ ಹೆಸರಾದ ತಡಸಲು ಒಳ್ಳೆಯ ಬಿಲ್ಲಿನ ಮರ. ಆದರೆ ಅದು ಕಾಡಿನ ಮರ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ.

ನಾನು ಹೇಳುವ ಮರ ಹಿಪ್ಪುನೇರಳೆ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆ ರೇಷ್ಮೆ ಇರುವಲ್ಲೆಲ್ಲ ಇದೆ. ಅಮೆರಿಕದ ಬಿಲ್ಲುಗಾರರು ತಲೆ ಮೇಲೆ ಹೊತ್ತು ಮೆರೆಸುವ ಓಸೇಜ್ ಆರೆಂಜ್ ಮರ ಇದೇ ಕುಟುಂಬದ್ದು. ಹಿಪ್ಪುನೇರಳೆ ಅದಕ್ಕಿಂತ ಹಗುರ, ಸ್ವಲ್ಪ ಮೆದು. ಆದರೆ ಬಾಗುವ ಗುಣ ಚೆನ್ನಾಗಿದೆ. ತೊಂದರೆ ಇರುವುದು ಆಕಾರದಲ್ಲಿ. ಸೊಪ್ಪಿಗಾಗಿ ಬೆಳೆಸಿದ ಮರವನ್ನು ಕೈಗೆಟುಕುವ ಎತ್ತರದಲ್ಲಿ ವರ್ಷ ವರ್ಷ ಸವರಿರುತ್ತಾರೆ, ಆರು ಅಡಿ ಕಾಂಡ ಸಿಗುವುದಿಲ್ಲ. ಬದುವಿನಲ್ಲೋ ಬಾವಿ ಪಕ್ಕದಲ್ಲೋ ಸುಮ್ನೆ ಬಿಟ್ಟ ಮರ ಉದ್ದ ಬೆಳೆದಿರುತ್ತದೆ, ಆದರೆ ಗಂಟು, ಸೊಟ್ಟ, ತಿರುಚು ಎಲ್ಲವೂ ಇರುತ್ತದೆ. ತೋಟ ಕೀಳಿಸುವವರನ್ನು ಕೇಳಿದರೆ ಸೌದೆ ಬೆಲೆಗೆ ಕೊಡುತ್ತಾರೆ.

ಇಂಥ ಮರದಿಂದ ಬಿಲ್ಲು ಖಂಡಿತ ಆಗುತ್ತದೆ. ಮರದ ಸೊಟ್ಟವನ್ನು ನೇರ ಮಾಡಲು ಹಟ ಹಿಡಿಯದೆ, ಅದರ ಹಿಂದೆಯೇ ಹೋಗಬೇಕು, ಅಷ್ಟೇ. ಮುಂದೆ ಹೇಳುವ ಎಲ್ಲ ಕೆಲಸಕ್ಕೂ ಇದೇ ಬುನಾದಿ.

ಯಾವ ದೋಷ ಸಹಿಸಬಹುದು, ಯಾವುದನ್ನು ಒಲೆಗೆ ಹಾಕಬೇಕು

ಎರಡು ಮಾತು ಮೊದಲೇ ತಿಳಿದಿರಲಿ. ಬಿಲ್ಲಿನ ಬೆನ್ನು ಎಂದರೆ ಗುರಿಯ ಕಡೆಗಿರುವ ಮೈ. ಹೊಟ್ಟೆ ಎಂದರೆ ನಮ್ಮ ಕಡೆಗಿರುವ ಮೈ. ಎಳೆದಾಗ ಬೆನ್ನಿನ ನಾರು ಹಿಗ್ಗುತ್ತದೆ, ಹೊಟ್ಟೆಯ ನಾರು ಕುಗ್ಗುತ್ತದೆ. ಬಿಲ್ಲು ಎರಡು ತುಂಡಾಗುವುದು ಹೆಚ್ಚಾಗಿ ಬೆನ್ನು ಹರಿದಾಗ. ಹಾಗಾಗಿ ಬೆನ್ನಿನ ದೋಷಕ್ಕೆ ಕರುಣೆ ತೋರಿಸಬೇಡಿ. ಹೊಟ್ಟೆಯ ದೋಷಕ್ಕೆ ಸ್ವಲ್ಪ ಸಡಿಲ ಬಿಡಬಹುದು.

ನಾಲ್ಕೈದು ಇಂಚು ದಪ್ಪದ, ಆರು ಅಡಿ ಉದ್ದದ ಕಾಂಡ ನೋಡಿ. ತೊಗಟೆಯ ಗೆರೆಗಳನ್ನು ಗಮನಿಸಿ. ಗೆರೆ ಕಾಂಡವನ್ನು ಸುತ್ತಿಕೊಂಡು ಹೋಗಿದ್ದರೆ ಒಳಗಿನ ಎಳೆಯೂ ಹಾಗೇ ಸುತ್ತಿದೆ ಎಂದರ್ಥ. ತುದಿಯಿಂದ ತುದಿಗೆ 15–20 ಡಿಗ್ರಿಯಷ್ಟು ತಿರುಚು ಇದ್ದರೆ ಪರವಾಗಿಲ್ಲ, ಬಿಲ್ಲು ನೋಡಲು ವಿಚಿತ್ರ, ಬಾಣ ಬಿಡಲು ಏನೂ ಅಡ್ಡಿಯಿಲ್ಲ. ಕಾಲು ಸುತ್ತು ತಿರುಗಿದ್ದರೆ ಬೇರೆ ಮರ ನೋಡಿ.

ಪಕ್ಕಕ್ಕೆ ವಾಲಿದ ಸೊಟ್ಟ ಒಂದೆರಡು ಇಂಚಿನಷ್ಟಿದ್ದರೆ ಶಾಖ ಕೊಟ್ಟು ಸರಿಮಾಡಬಹುದು. ಗಟ್ಟಿ ಗಂಟು, ಅಂದರೆ ಸುತ್ತಲಿನ ಮರಕ್ಕೆ ಬೆಸೆದುಕೊಂಡ, ಉಗುರಿನಿಂದ ಒತ್ತಿದರೆ ಕದಲದ ಗಂಟು ಇರಲಿ. ಕಪ್ಪಗೆ ಕೊಳೆತು ಉದುರುವ ಗಂಟು ತೋಳಿನ (ಹಿಡಿಯ ಆಚೆ ಈಚೆ ಬಾಗುವ ಭಾಗದ) ನಟ್ಟನಡುವೆ ಇದ್ದು, ಎರಡೂ ಪಕ್ಕ ಅರ್ಧ ಇಂಚಾದರೂ ಒಳ್ಳೆಯ ಮರ ಉಳಿಯುವಂತಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು. ಅಂಚಿನಲ್ಲೇ ಕೊಳೆತ ಗಂಟಿದ್ದರೆ ಅಲ್ಲಿ ಅಂಚೇ ಇಲ್ಲ ಎಂದು ತಿಳಿದು, ಅದನ್ನು ಬಿಟ್ಟು ಒಳಗೆ ಗೆರೆ ಎಳೆಯಬೇಕು.

ಎಳೆಯ ಜೊತೆಗೇ ಉದ್ದಕ್ಕೆ ಹೋದ ಬಿರುಕು ಹೆದರಿಸುವಷ್ಟು ಕೆಟ್ಟದ್ದಲ್ಲ. ತೋಳಿನ ಮಧ್ಯೆ ಹೊರಟು ಮಧ್ಯದಲ್ಲೇ ಮುಗಿದರೆ ಅಂಟು ತುಂಬಿಸಿ ಮುಂದುವರಿಯಬಹುದು. ಅದೇ ಬಿರುಕು ಓರೆಯಾಗಿ ಹೋಗಿ ಅಂಚಿನಲ್ಲಿ ಹೊರಬಿದ್ದಿದ್ದರೆ ಬೇಡ. ಎಳೆಗೆ ಅಡ್ಡಲಾಗಿ ಕೂದಲೆಳೆಯಷ್ಟು ಗೆರೆ ಕಂಡರೂ ಆ ತುಂಡು ಸೌದೆಗೆ. ಮರ ಬೀಳುವಾಗ ಕಲ್ಲಿನ ಮೇಲೆ ಬಿದ್ದು ಇಂಥ ಗಾಯವಾಗಿರುತ್ತದೆ. ಸುಮ್ನೆ ನೋಡಿದರೆ ಕಾಣುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಓರೆ ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. ಹುಳು ಕೊರೆದ ಒಂದೆರಡು ಸಣ್ಣ ತೂತು ಹೊಟ್ಟೆಯ ಕಡೆ ಇದ್ದರೆ ಸರಿ. ಬೆನ್ನಿನಲ್ಲಿ ಸಾಲಾಗಿ ಇದ್ದರೆ ಬೇಡ.

ಸೀಳುವುದು, ಸುಲಿಯುವುದು, ಒಣಗಿಸುವುದು

ಮರ ಕಡಿದ ದಿನವೇ ಎರಡೂ ತುದಿಗೆ ಫೆವಿಕಾಲನ್ನೋ ಹಳೆಯ ಪೇಂಟನ್ನೋ ದಪ್ಪಗೆ ಬಳಿಯಿರಿ. ತುದಿಯಿಂದ ನೀರು ಬೇಗ ಹೋಗುತ್ತದೆ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಆಮೇಲೆ ಕಾಂಡವನ್ನು ಸೀಳಿ. ಗರಗಸ ಬೇಡ. ತುದಿಯಲ್ಲಿ ಕೊಡಲಿ ಇಟ್ಟು ಸುತ್ತಿಗೆಯಿಂದ ಬಡಿದು ಬಾಯಿ ಬಿಡಿಸಿ. ಬಿಟ್ಟ ಬಾಯಿಗೆ ಬೆಣೆ ಹಾಕಿ, ಅದರ ಮುಂದೆ ಇನ್ನೊಂದು ಬೆಣೆ ಹಾಕಿ, ಹೀಗೇ ಮುಂದೆ ಹೋಗಿ. ಸೀಳು ತಾನಾಗಿಯೇ ಎಳೆಯ ದಾರಿ ಹಿಡಿಯುತ್ತದೆ. ಗಂಟು ಬಂದಲ್ಲಿ ಸಿಬಿರು ಅತ್ತಿತ್ತ ಹಿಡಿದುಕೊಂಡಿರುತ್ತದೆ, ಅದನ್ನು ಮಚ್ಚಿನಿಂದ ಕಡಿದು ಬಿಡಿಸಿ. ನಾಲ್ಕೈದು ಇಂಚಿನ ಕಾಂಡದಲ್ಲಿ ಎರಡು ಸೀಳು ಸಿಗುತ್ತವೆ. ಚೆನ್ನಾಗಿರುವುದು ಯಾವುದೆಂದು ಆಗಲೇ ತೀರ್ಮಾನಿಸಬೇಡಿ, ಎರಡನ್ನೂ ಒಣಗಿಸಿ.

ತೊಗಟೆ ಸುಲಿಯುವುದು ಹಿಪ್ಪುನೇರಳೆಯ ದೊಡ್ಡ ಅನುಕೂಲ. ಚಿಗುರೊಡೆಯುತ್ತಿರುವಾಗ ಕಡಿದ ಮರದಲ್ಲಿ ತೊಗಟೆಯ ಅಂಚಿಗೆ ಹೆಬ್ಬೆರಳು ತೂರಿಸಿದರೆ ಸಾಕು. ಬಿಳಿ ಹಾಲು ಸೋರುತ್ತ ಉದ್ದಕ್ಕೂ ಪಟ್ಟಿಯಾಗಿ ಎದ್ದು ಬರುತ್ತದೆ. ಕೆಳಗೆ ಜಾರುವಷ್ಟು ನುಣುಪಾದ ಕೆನೆಬಣ್ಣದ ಮೈ ಕಾಣುತ್ತದೆ. ಅದೇ ನಿಮ್ಮ ಬಿಲ್ಲಿನ ಬೆನ್ನು. ಒಂದು ಎಳೆಯೂ ಕತ್ತರಿಸದೆ ಮರವೇ ತಯಾರಿಸಿಟ್ಟ ಮೈ ಅದು. ಅದಕ್ಕೆ ಚಾಕು ತಾಗಿಸಬೇಡಿ. ಬೇಸಿಗೆಯಲ್ಲಿ ಕಡಿದ ಮರದ ತೊಗಟೆ ಅಂಟಿಕೊಂಡಿರುತ್ತದೆ. ಆಗ ಮೊಂಡು ಚಾಕುವಿನಿಂದ ಹೆರೆದು ಹೆರೆದು ತೆಗೆಯಬೇಕು, ಕೆಲಸ ನಿಧಾನ. ತೊಗಟೆ ಸಮೇತ ಒಣಗಲು ಬಿಟ್ಟರೆ ಕೆಳಗಿನ ಬಿಳಿ ಮರಕ್ಕೆ ಕುಟ್ಟೆಹುಳು ಹತ್ತುತ್ತದೆ.

ಸುಲಿದ ಮೈ ಬಿಸಿಲಿಗೆ ಬಿದ್ದರೆ ಗಂಟೆಯೊಳಗೆ ಬಿರುಕು ಬಿಡಬಹುದು. ಆದ್ದರಿಂದ ಬೆನ್ನಿಗೆ ತಕ್ಷಣ ಅರಗಿನ ಪಾಲಿಶ್ ಎರಡು ಕೋಟ್ ಹಚ್ಚಿ. ಹೊಟ್ಟೆಯ ಕಡೆ ಹಾಗೇ ಬಿಡಿ, ನೀರು ಅಲ್ಲಿಂದ ಹೋಗಲಿ.

ಪೂರ್ತಿ ಸೀಳನ್ನು ಹಾಗೇ ಒಣಗಿಸಿದರೆ ವರ್ಷ ಬೇಕು. ಹಸಿಯಾಗಿರುವಾಗಲೇ ಬಿಲ್ಲಿನ ಒರಟು ಆಕಾರಕ್ಕೆ ತಂದರೆ, ಅಂದರೆ ಎರಡೂವರೆ ಇಂಚು ಅಗಲ, ಒಂದು ಇಂಚು ದಪ್ಪ, ನಡುವೆ ಹಿಡಿಯ ಜಾಗದಲ್ಲಿ ಮಾತ್ರ ಪೂರ್ತಿ ದಪ್ಪ ಬಿಟ್ಟರೆ, ಒಂದೆರಡು ತಿಂಗಳು ಸಾಕು. ನೆರಳಲ್ಲಿ, ಗಾಳಿಯಾಡುವ ಕಡೆ, ನೇರವಾದ ಹಲಗೆಗೆ ಹಗ್ಗದಲ್ಲಿ ಬಿಗಿದು ಇಡಿ. ಇಲ್ಲವಾದರೆ ಒಣಗುವಾಗ ಇನ್ನಷ್ಟು ಸೊಟ್ಟಗಾಗುತ್ತದೆ.

ಒಣಗಿದೆಯೇ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ, ತೂಕವನ್ನು ಮರದ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ಎರಡು ಮೂರು ವಾರ ತೂಕ ಇಳಿಯದಿದ್ದರೆ ಅಲ್ಲಿನ ಗಾಳಿಗೆ ತಕ್ಕಷ್ಟು ಒಣಗಿದೆ ಎಂದರ್ಥ. ಆದರೆ ಆ ಗಾಳಿ ಎಂಥದ್ದು ಎಂಬುದೂ ಮುಖ್ಯ. ಗಾಳಿಯ ತೇವ 50% ಇದ್ದರೆ ಮರದಲ್ಲಿ ಸುಮಾರು 9% ನೀರು ಉಳಿಯುತ್ತದೆ, ಬಿಲ್ಲಿಗೆ ಅದು ಒಳ್ಳೆಯ ಹದ. ಗಾಳಿಯಲ್ಲಿ 80% ತೇವ ಇದ್ದರೆ ಮರದಲ್ಲಿ 16% ನೀರು. ಅಂಥ ಮರದ ಬಿಲ್ಲು ಮುರಿಯುವುದಿಲ್ಲ, ಆದರೆ ಬಾಗಿದ್ದು ಬಾಗಿದಂತೆಯೇ ಉಳಿದು ಸೋತುಹೋಗುತ್ತದೆ. ಬಯಲುಸೀಮೆಯವರಿಗೆ ಜನವರಿಯಿಂದ ಏಪ್ರಿಲ್‌ವರೆಗೆ ಚಿಂತೆಯಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಹಾಗೆಂದು ಒಲೆಯ ಮೇಲೆ ನೇತುಹಾಕಿ ಕಟಕಟ ಒಣಗಿಸಿದರೆ ಬೆನ್ನು ಗಾಜಿನಂತೆ ಸೀಳುತ್ತದೆ.

ಗೆರೆ ಹಾಕುವುದು

ಮೊದಲು ನಿಮ್ಮ ಎಳೆತ, ಅಂದರೆ ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಎಂದು ಅಳೆಯಿರಿ. ಎರಡೂ ಕೈ ಪಕ್ಕಕ್ಕೆ ಚಾಚಿ, ಬೆರಳ ತುದಿಯಿಂದ ತುದಿಗೆ ಇಂಚಿನಲ್ಲಿ ಅಳೆದು 2.5ರಿಂದ ಭಾಗಿಸಿ. 65 ಇಂಚು ಬಂದರೆ ಎಳೆತ 26 ಇಂಚು. ಇಷ್ಟು ಎಳೆತಕ್ಕೆ ಒಳ್ಳೆಯ ಮರದಲ್ಲಿ 62 ಇಂಚಿನ ಬಿಲ್ಲು ನಡೆಯುತ್ತದೆ. ದೋಷವಿರುವ ಮರಕ್ಕೆ 66–68 ಇಂಚು ಇಡಿ. ಉದ್ದ ಜಾಸ್ತಿ ಇದ್ದಷ್ಟೂ ಪ್ರತಿ ಇಂಚು ಬಾಗಬೇಕಾದದ್ದು ಕಡಿಮೆ. ಎಳೆಯುವ ಭಾರವನ್ನೂ 14–16 ಕಿಲೋಗೆ, ಅಂದರೆ 30–35 ಪೌಂಡಿಗೆ ನಿಲ್ಲಿಸಿ. ಹುಲ್ಲಿನ ಗುರಿಗೆ ಹೊಡೆಯಲು ಇದು ಧಾರಾಳ. ಗಂಟಿನ ಮರದಲ್ಲಿ 50 ಪೌಂಡ್ ಬಿಲ್ಲಿನ ಆಸೆ ಬೇಡ.

ಈಗ ಬೆನ್ನಿನ ಮೇಲೆ ನಡುಗೆರೆ. ದಾರ ಬಿಗಿದು ನೇರ ಗೆರೆ ಹಾಕುವ ಚಪಲ ಎಲ್ಲರಿಗೂ ಬರುತ್ತದೆ. ಹಾಕಬೇಡಿ. ಪೆನ್ಸಿಲನ್ನು ಒಂದು ತುದಿಯಲ್ಲಿಟ್ಟು, ಮೈಮೇಲೆ ಕಾಣುವ ಎಳೆಯನ್ನೇ ಹಿಡಿದು ನಿಧಾನವಾಗಿ ಇನ್ನೊಂದು ತುದಿಗೆ ಹೋಗಿ. ಗಂಟು ಬಂದಲ್ಲಿ ಎಳೆ ಅದನ್ನು ಬಳಸಿಕೊಂಡು ಹೋಗಿ ಮತ್ತೆ ಕೂಡುತ್ತದೆ. ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸಿ ಹೋಗುವ ಹಾಗೆ. ನಿಮ್ಮ ಗೆರೆಯೂ ಹಾಗೇ ಹೋಗಲಿ. ಗೆರೆ ಹಾವಿನಂತೆ ಹರಿದರೆ ಬಿಲ್ಲೂ ಹಾವಿನಂತೆಯೇ ಆಗುತ್ತದೆ. ಆಗಲಿ ಬಿಡಿ, ನನಗಂತೂ ಅಂಥ ಬಿಲ್ಲೇ ಇಷ್ಟ.

ನಡುವೆ ನಾಲ್ಕು ಇಂಚು ಹಿಡಿ. ಹಿಡಿಯ ಆಚೆ ಈಚೆ ಎರಡೆರಡು ಇಂಚಿನಲ್ಲಿ ಅಗಲ ಮೆಲ್ಲಗೆ ಹೆಚ್ಚಿ ತೋಳು ಶುರುವಾಗಬೇಕು. ತೋಳಿನ ಅಗಲ ಎರಡು ಇಂಚು. ಅದು ತೋಳಿನ ಅರ್ಧದವರೆಗೆ ಹಾಗೇ ಹೋಗಿ, ಅಲ್ಲಿಂದ ತುದಿಗೆ ಅರ್ಧ ಇಂಚಿಗೆ ಇಳಿಯಲಿ. ಈ ಅಳತೆಯನ್ನು ನೀವು ಹಾಕಿದ ಸೊಟ್ಟ ನಡುಗೆರೆಯಿಂದ ಎರಡೂ ಪಕ್ಕಕ್ಕೆ ಸಮನಾಗಿ ಗುರುತಿಸಿ. ಗಂಟು ಇರುವಲ್ಲಿ ಎರಡೂ ಪಕ್ಕ ಕಾಲು ಕಾಲು ಇಂಚು ಉಬ್ಬಿಸಿ. 1545ರಲ್ಲಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕವು. ಯುದ್ಧಕ್ಕೆಂದು ಮಾಡಿದ ಆ ಬಿಲ್ಲುಗಳಲ್ಲೂ ಗಂಟಿನ ಸುತ್ತ ಮರ ಉಬ್ಬಿಸಿ ಬಿಟ್ಟಿದ್ದಾರೆ.

ಗೆರೆ ಹಾಕಿದ ಮೇಲೆ ಕೊಡಲಿ, ಬಾಚಿ, ಆಮೇಲೆ ಒರಟು ಅರ. ಗೆರೆಯ ಹೊರಗಿನ ಮರವನ್ನೆಲ್ಲ ತೆಗೆಯಿರಿ. ತೋಳಿನ ದಪ್ಪ ಸದ್ಯಕ್ಕೆ ಮುಕ್ಕಾಲು ಇಂಚು ಇರಲಿ. ಉಜ್ಜುಗೊರಡು ಈ ಮರಕ್ಕೆ ಆಗಿಬರುವುದಿಲ್ಲ, ಗಂಟಿನ ಹತ್ತಿರ ಎಳೆ ಕಿತ್ತುಕೊಂಡು ಬಿಡುತ್ತದೆ. ಬೆನ್ನಿನ ಅಂಚುಗಳನ್ನು ಅರದಿಂದ ಸ್ವಲ್ಪ ಗುಂಡಗೆ ಮಾಡಿ. ಚೂಪು ಅಂಚಿನಿಂದಲೇ ಸಿಬಿರು ಏಳುವುದು.

ದೋಷಕ್ಕೆ ಮದ್ದು

ಕೊಳೆತ ಗಂಟನ್ನು ಚಾಕುವಿನ ಮೊನೆಯಿಂದ ಕೆರೆದು ಒಳ್ಳೆಯ ಮರ ಸಿಗುವವರೆಗೆ ತೆಗೆಯಿರಿ. ತೂತಾದರೂ ಚಿಂತೆಯಿಲ್ಲ. ಅದೇ ಮರದ ಹೊಟ್ಟನ್ನು ಅರಾಲ್ಡೈಟ್‌ನಲ್ಲಿ ಕಲಸಿ ತುಂಬಬಹುದು. ನೆನಪಿರಲಿ, ಈ ಮೆತ್ತಿಗೆ ಭಾರ ಹೊರುವ ಶಕ್ತಿ ಇಲ್ಲ. ತೂತಿನ ಎರಡು ಪಕ್ಕದ ಮರವೇ ಕೆಲಸ ಮಾಡಬೇಕು.

ಉದ್ದ ಬಿರುಕಿಗೆ ನೀರಿನಷ್ಟು ತೆಳುವಾದ ಫೆವಿಕ್ವಿಕ್ ಥರದ ಅಂಟು ಒಳ್ಳೆಯದು. ಹನಿ ಹನಿಯಾಗಿ ಬಿಟ್ಟರೆ ಒಳಗೆ ಹೀರಿಕೊಳ್ಳುತ್ತದೆ. ಇನ್ನು ಹೀರುವುದಿಲ್ಲ ಎನ್ನುವವರೆಗೆ ಬಿಡಿ. ಕಿಟಕಿ ತೆರೆದಿಡಿ, ಕಣ್ಣಿಗೆ ಅದರ ಹೊಗೆ ಉರಿ. ಆಮೇಲೆ ಆ ಜಾಗಕ್ಕೆ ಹುರಿ ಮಾಡಿದ ರೇಷ್ಮೆ ದಾರವನ್ನು ಒತ್ತೊತ್ತಾಗಿ ಸುತ್ತಿ ಅಂಟು ಹಚ್ಚಿ. ರೇಷ್ಮೆ ಎಳೆತಕ್ಕೆ ಗಟ್ಟಿ, ತೆಳು, ತೂಕವೂ ಇಲ್ಲ. ಸುತ್ತುವ ಕೆಲಸ ಬಾಗು ತಿದ್ದಿ ಮುಗಿದ ಮೇಲೆ ಮಾಡಿದರೆ ಹೊಟ್ಟೆ ಹೆರೆಯಲು ಅಡ್ಡಿ ಆಗುವುದಿಲ್ಲ. ಅಂಟನ್ನು ಮಾತ್ರ ಈಗಲೇ ಕುಡಿಸಿ.

ಬೆನ್ನಿನಲ್ಲಿ ಗಂಟು ಜಾಸ್ತಿ ಇದ್ದರೆ ಇನ್ನೊಂದು ಉಪಾಯ ಇದೆ. ಹಳೆಯ ರೇಷ್ಮೆ ಸೀರೆಯ ಒಡಲಿನಿಂದ ಉದ್ದ ಪಟ್ಟಿ ಕತ್ತರಿಸಿ ಬೆನ್ನಿಗೆ ಫೆವಿಕಾಲ್‌ನಲ್ಲಿ ಅಂಟಿಸುವುದು. ಮೊದಲು ಬೆನ್ನಿನ ಅರಗಿನ ಪಾಲಿಶನ್ನು ಸ್ಪಿರಿಟ್‌ನಿಂದ ಒರೆಸಿ ತೆಗೆಯಬೇಕು. ಜರಿ ಅಂಚು ಬೇಡ, ಅಂಟು ಸರಿಯಾಗಿ ಹಿಡಿಯುವುದಿಲ್ಲ. ಸೀರೆ ನಿಜವಾದ ರೇಷ್ಮೆಯೋ ಅಲ್ಲವೋ ಅನುಮಾನ ಬಂದರೆ ಒಂದು ಎಳೆ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ರೇಷ್ಮೆ, ಕರಗಿ ಮಣಿಯಂತೆ ಗಟ್ಟಿಯಾದರೆ ಪಾಲಿಯೆಸ್ಟರ್. ಈ ಪಟ್ಟಿ ಬಿಲ್ಲಿನ ಬಲ ಹೆಚ್ಚಿಸುವುದಿಲ್ಲ. ಸಿಬಿರು ಏಳದಂತೆ ಒತ್ತಿ ಹಿಡಿಯುತ್ತದೆ, ಅಕಸ್ಮಾತ್ ಮುರಿದರೆ ತುಂಡು ಮುಖಕ್ಕೆ ಹಾರದಂತೆ ತಡೆಯುತ್ತದೆ. ಅಷ್ಟೇ ಸಾಕಲ್ವಾ? ಅಂಟಿಸಿದ ಮೇಲೆ ಮೂರು ದಿನ ಬಿಲ್ಲನ್ನು ಬಾಗಿಸಬೇಡಿ. ಸೀರೆ ಯಾರದೆಂದು ಮನೆಯಲ್ಲಿ ಮೊದಲೇ ಕೇಳಿಕೊಂಡರೆ ಕ್ಷೇಮ.

ಪಕ್ಕದ ಸೊಟ್ಟ ಎಷ್ಟು ಸರಿಮಾಡಬೇಕು? ಎರಡು ತುದಿಗೂ ದಾರ ಬಿಗಿದು ನೋಡಿ. ದಾರ ಹಿಡಿಯ ಮೇಲೆ ಎಲ್ಲೋ ಒಂದು ಕಡೆ ಹಾದು ಹೋದರೆ ಏನೂ ಮಾಡಬೇಡಿ, ಹಿಡಿಯನ್ನೇ ಆ ಕಡೆಗೆ ಸರಿಸಿ ಕೆತ್ತಿಕೊಂಡರೆ ಆಯಿತು. ಹಿಡಿಯ ಹೊರಗೆ ಗಾಳಿಯಲ್ಲಿ ಹಾದರೆ ಮಾತ್ರ ಶಾಖ ಕೊಡಬೇಕು. ಹೀಟ್ ಗನ್ ಇದ್ದರೆ ಬಾಗಿಸಬೇಕಾದ ಜಾಗದ ಹೊಟ್ಟೆಗೆ, ಪಕ್ಕಗಳಿಗೆ ಅಡುಗೆ ಎಣ್ಣೆ ಸವರಿ, ನಾಲ್ಕೈದು ಇಂಚು ದೂರದಿಂದ ಅತ್ತಿತ್ತ ಆಡಿಸುತ್ತ ಬಿಸಿ ಮಾಡಿ. ಹತ್ತು ಹದಿನೈದು ನಿಮಿಷದಲ್ಲಿ ಬೆನ್ನಿನ ಕಡೆ ಕೈ ಇಡಲಾಗದಷ್ಟು ಕಾಯುತ್ತದೆ. ಆಗ ದಪ್ಪ ಹಲಗೆಗೆ ಕ್ಲಾಂಪ್ ಹಾಕಿ, ಬೇಕಾದ ಕಡೆಗೆ ಬೆಣೆ ಕೊಟ್ಟು ಒತ್ತಿ, ರಾತ್ರಿಯಿಡೀ ಬಿಡಿ. ಹೀಟ್ ಗನ್ ಇಲ್ಲದವರು ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ಬಿಲ್ಲನ್ನಿಟ್ಟು, ಒದ್ದೆ ಗೋಣಿಚೀಲ ಮುಚ್ಚಿ ಮುಕ್ಕಾಲು ಗಂಟೆ ಹಬೆ ಕೊಡಬಹುದು. ಗಂಟಿನ ಮೇಲೇ ಬಾಗಿಸಬೇಡಿ, ಪಕ್ಕದ ಸ್ವಚ್ಛ ಮರವನ್ನು ಬಾಗಿಸಿ. ಒಣ ಶಾಖವಾದರೂ ಹಬೆಯಾದರೂ ಮರದ ನೀರಿನ ಹದ ತಪ್ಪಿರುತ್ತದೆ. ಒಂದು ವಾರ ಸುಮ್ಮನೆ ಇಟ್ಟು, ತೂಕ ನಿಂತ ಮೇಲೆ ಮುಂದಿನ ಕೆಲಸ. ರೇಷ್ಮೆ ಅಂಟಿಸುವುದಿದ್ದರೆ ಶಾಖದ ಕೆಲಸ ಮುಗಿದ ಮೇಲೇ ಅಂಟಿಸಿ.

ಬಾಗು ತಿದ್ದುವುದು

ಬಿಲ್ಲು ಮಾಡುವುದು ಎಂದರೆ ನಿಜವಾಗಿ ಇದೇ. ಇಲ್ಲಿಯವರೆಗೆ ಮಾಡಿದ್ದೆಲ್ಲ ಬಡಗಿ ಕೆಲಸ.

ಒಂದು ಲೆಕ್ಕ ತಲೆಯಲ್ಲಿರಲಿ. ತೋಳಿನ ಅಗಲ ಅರ್ಧ ಮಾಡಿದರೆ ಬಿಗಿತ ಅರ್ಧ ಆಗುತ್ತದೆ. ದಪ್ಪ ಅರ್ಧ ಮಾಡಿದರೆ ಬಿಗಿತ ಎಂಟನೇ ಒಂದು ಪಾಲಾಗುತ್ತದೆ. ದಪ್ಪದಲ್ಲಿ ಹತ್ತನೇ ಒಂದು ಪಾಲು ತೆಗೆದರೂ ಬಿಗಿತ ಕಾಲು ಭಾಗಕ್ಕಿಂತ ಜಾಸ್ತಿ ಇಳಿಯುತ್ತದೆ. ಅರ್ಧ ಇಂಚಿನ ತೋಳಿನಲ್ಲಿ ಹತ್ತನೇ ಒಂದು ಪಾಲು ಎಂದರೆ ಒಂದೂಕಾಲು ಮಿಲಿಮೀಟರ್. ಅರವನ್ನು ನಾಲ್ಕು ಸಲ ಜೋರಾಗಿ ಎಳೆದರೆ ಅಷ್ಟು ಹೋಗಿಬಿಡುತ್ತದೆ. ಹಾಗಾಗಿ ಬಾಗಲು ಶುರುವಾದ ಮೇಲೆ ಅರ ಕೆಳಗಿಟ್ಟು, ಚಾಕುವಿನ ಅಲಗನ್ನು ನೆಟ್ಟಗೆ ನಿಲ್ಲಿಸಿ ಹೆರೆಯಿರಿ. ಹೆರೆಯುವುದು ಹೊಟ್ಟೆಯನ್ನು ಮಾತ್ರ. ಬೆನ್ನು ಮುಟ್ಟುವಂತಿಲ್ಲ.

ಮೊದಲು ಒಂದು ತುದಿಯನ್ನು ನೆಲಕ್ಕೆ ಊರಿ, ಹಿಡಿ ಹಿಡಿದು ಒತ್ತಿ ನೋಡಿ. ಎರಡೂ ತೋಳು ಸ್ವಲ್ಪ ಬಾಗುವವರೆಗೆ ತೆಗೆಯಿರಿ. ಆಮೇಲೆ ತುದಿಗಳಿಂದ ಮುಕ್ಕಾಲು ಇಂಚು ಒಳಗೆ, ಎರಡೂ ಪಕ್ಕಗಳಲ್ಲಿ ದುಂಡು ಅರದಿಂದ ಹೆದೆ ಕೂರಲು ಓರೆಯಾಗಿ ಕಚ್ಚು ಮಾಡಿ. ಕಚ್ಚು ಬೆನ್ನಿಗೆ ಅಡ್ಡಲಾಗಿ ಹೋಗಬಾರದು.

ಗೋಡೆಗೆ ಒಂದು ಗಟ್ಟಿ ಮರದ ತುಂಡು ಹೊಡೆದು ಅದರ ಮೇಲೆ ಬಿಲ್ಲಿನ ಹಿಡಿಯನ್ನು ಕೂರಿಸಿ. ಬಿಲ್ಲಿಗಿಂತ ಸ್ವಲ್ಪ ಉದ್ದದ ಹಗ್ಗವನ್ನು ಎರಡೂ ಕಚ್ಚಿಗೆ ಹಾಕಿ. ನೇರ ಕೆಳಗೆ ನೆಲದ ಹತ್ತಿರ ಒಂದು ರಾಟೆ. ಹಗ್ಗದ ನಡುವಿಗೆ ಲಗೇಜ್ ತೂಗುವ ಸಣ್ಣ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಅದರಿಂದ ಇನ್ನೊಂದು ಹಗ್ಗ ರಾಟೆಯ ಮೂಲಕ ನಿಮ್ಮ ಕೈಗೆ. ಈಗ ಎಂಟು ಹತ್ತು ಅಡಿ ದೂರ ನಿಂತು ಎಳೆಯಬಹುದು. ದೂರದಿಂದ ಬಾಗು ಚೆನ್ನಾಗಿ ಕಾಣುತ್ತದೆ, ಮುರಿದರೂ ಮೈಗೆ ಬೀಳುವುದಿಲ್ಲ. ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಸೇರಿಸಬೇಡಿ.

ನಿಯಮ ಎರಡೇ. ತಕ್ಕಡಿ ನಿಮ್ಮ ಗುರಿಯ ತೂಕ, 15 ಕಿಲೋ ಅಂದುಕೊಳ್ಳಿ, ತೋರಿಸಿದ ಕೂಡಲೇ ನಿಲ್ಲಿಸಿ, ಬಿಲ್ಲು ಐದೇ ಇಂಚು ಬಾಗಿದ್ದರೂ ಸರಿ. ಎರಡನೆಯದು, ಬಾಗಿನಲ್ಲಿ ತಪ್ಪು ಕಂಡರೆ ಅದನ್ನು ತಿದ್ದದೆ ಮುಂದಕ್ಕೆ ಎಳೆಯಬೇಡಿ. ಒಂದೇ ಕಡೆ ಮಡಚಿದಂತೆ ಬಾಗುತ್ತಿದ್ದರೆ ಆ ಜಾಗ ಬಿಟ್ಟು ಉಳಿದೆಲ್ಲ ಕಡೆ ಹೆರೆಯಿರಿ. ಹೆರೆದ ಮೇಲೆ ಪ್ರತಿ ಸಲವೂ ಇಪ್ಪತ್ತು ಮೂವತ್ತು ಬಾರಿ ಮೆಲ್ಲಗೆ ಎಳೆದು ಬಿಡಿ. ಇಲ್ಲವಾದರೆ ತೆಗೆದ ಮರದ ಪರಿಣಾಮ ಕಾಣುವುದಿಲ್ಲ, ನೀವು ಇನ್ನಷ್ಟು ತೆಗೆದುಬಿಡುತ್ತೀರಿ.

ಇನ್ನು ಸೊಟ್ಟ ಮರದ ಸಮಸ್ಯೆ. ನೇರ ಮರವಾದರೆ ಚೆಂದದ ಕಮಾನು ಬಂದರೆ ಆಯಿತು. ಸೊಟ್ಟ ಮರದಲ್ಲಿ ಕಣ್ಣು ಮೋಸ ಮಾಡುತ್ತದೆ. ಮೊದಲೇ ಹೊಟ್ಟೆಯ ಕಡೆಗೆ ತಗ್ಗಿದ್ದ ಜಾಗ, ಅಲ್ಲಿ ಜಾಸ್ತಿ ಬಾಗುತ್ತಿದೆ ಎನಿಸುತ್ತದೆ. ಬೆನ್ನಿನ ಕಡೆಗೆ ಸೆಟೆದಿದ್ದ ಜಾಗ ಬಾಗುತ್ತಲೇ ಇಲ್ಲ ಎನಿಸುತ್ತದೆ. ಅದನ್ನು ನಂಬಿ ಸೆಟೆದ ಜಾಗವನ್ನು ಹೆರೆಯುತ್ತ ಹೋದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಹಾಗಾಗಿ ಬಿಲ್ಲನ್ನು ಬಾಗಿಸುವ ಮೊದಲೇ ಗೋಡೆಯ ಮೇಲೆ ಕೂರಿಸಿ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ಅದೇ ಜಾಗದಿಂದ, ಎಳೆದಾಗ ಇನ್ನೊಂದು. ಎರಡನ್ನೂ ಹೋಲಿಸಿ, ಯಾವ ಭಾಗ ತಾನಿದ್ದ ಸ್ಥಿತಿಯಿಂದ ಎಷ್ಟು ಕದಲಿದೆ ಎಂಬುದನ್ನು ಮಾತ್ರ ನೋಡಿ.

ಅದಕ್ಕಿಂತ ನಂಬಿಕಸ್ಥ ಸಾಧನ ನಿಮ್ಮ ಬೆರಳು. ತೋಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಹಿಡಿಯಿಂದ ತುದಿಯವರೆಗೆ ಜಾರಿಸಿ. ದಪ್ಪ ಒಂದೇ ಸಮನೆ ಇಳಿಯುತ್ತ ಹೋಗಬೇಕು. ನಡುವೆ ಎಲ್ಲೋ ತಟಕ್ಕನೆ ತೆಳುವಾಗಿ ಮತ್ತೆ ದಪ್ಪವಾದರೆ ಬೆರಳಿಗೆ ತಕ್ಷಣ ತಿಳಿಯುತ್ತದೆ. ಬೆನ್ನು ಅಲೆಯಂತೆ ಏರಿಳಿದರೆ ಹೊಟ್ಟೆಯೂ ಅದೇ ಅಲೆಯನ್ನು ಅನುಸರಿಸಲಿ. ಗಂಟಿನ ಜಾಗದಲ್ಲಿ ಮಾತ್ರ ಸ್ವಲ್ಪ ದಪ್ಪ ಉಳಿಸಿ. ಅಲ್ಲಿ ಬಿಲ್ಲು ಉಳಿದ ಕಡೆಗಿಂತ ಒಂದು ಪಾಲು ಕಡಿಮೆ ಬಾಗಬೇಕು.

ಉದ್ದ ಹಗ್ಗದಲ್ಲಿ ತುದಿಗಳು ಐದಾರು ಇಂಚು ಸಮನಾಗಿ ಬಾಗಿದ ಮೇಲೆ ನಿಜವಾದ ಹೆದೆ ಏರಿಸಿ. ಮೊದಲು ಹಿಡಿಗೂ ಹೆದೆಗೂ ನಡುವೆ ಮೂರು ಇಂಚು ಅಂತರ ಸಾಕು. ಕಾಲಿನ ನಡುವೆ ಸಿಕ್ಕಿಸಿ ಏರಿಸುವ ರೂಢಿಯಿದೆ, ತಿರುಚಿದ ಬಿಲ್ಲಿಗೆ ಅದು ಬೇಡ, ತೋಳು ಪಕ್ಕಕ್ಕೆ ಹೊರಳುತ್ತದೆ. ಎರಡೂ ತುದಿಗೆ ಕುಣಿಕೆ ಹಾಕಿದ ಹಗ್ಗವನ್ನು ಕಾಲಲ್ಲಿ ತುಳಿದು ಹಿಡಿಯನ್ನು ಮೇಲೆತ್ತಿ. ಆಮೇಲೆ ಎಳೆತ 15 ಇಂಚು, 18, 20, ಅಲ್ಲಿಂದ ಒಂದೊಂದೇ ಇಂಚು ಮುಂದೆ ಹೋಗಿ. ಕೆಳಗಿನ ತೋಳು ಮೇಲಿನದಕ್ಕಿಂತ ಕೂದಲಷ್ಟು ಬಿಗಿಯಾಗಿರಲಿ. ಹೊಟ್ಟೆಯ ಮೇಲೆ ಅಡ್ಡಡ್ಡ ಸುಕ್ಕಿನಂಥ ಸಣ್ಣ ಗೆರೆ ಕಾಣುತ್ತಿದೆಯೇ ಎಂದು ಪ್ರತಿ ಸಲ ನೋಡಿ. ಕಂಡರೆ ಅಲ್ಲಿ ಮರ ಕುಸಿಯುತ್ತಿದೆ. ಅದರ ಎರಡೂ ಪಕ್ಕ ಹೆರೆದು ಭಾರ ಹಂಚಿ, ಬಿಲ್ಲು ಎಳೆಯುವ ಭಾರವನ್ನು ಎರಡು ಕಿಲೋ ಕಡಿಮೆ ಮಾಡಿಕೊಳ್ಳಿ. 26 ಇಂಚಿಗೆ ಬಂದಾಗ ಗುರಿಗಿಂತ ಒಂದು ಕಿಲೋ ಜಾಸ್ತಿ ಇದ್ದರೆ ಸರಿ, ನುಣುಪು ಮಾಡುವಾಗ, ಬಾಣ ಬಿಡುವಾಗ ಅದು ಹೋಗುತ್ತದೆ.

ಹೆದೆ, ಎಣ್ಣೆ, ಮೊದಲ ಬಾಣ

ಹೆದೆಗೆ ಬಿಲ್ವಿದ್ಯೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಡ್ಯಾಕ್ರಾನ್ ದಾರ, ಹನ್ನೆರಡು ಎಳೆ. ನೈಲಾನ್ ಹಿಗ್ಗುತ್ತದೆ. ಹಿಗ್ಗದ ಹೊಸ ಕಾಲದ ದಾರಗಳು ಮರದ ತುದಿಗೆ ಜಾಸ್ತಿ ಪೆಟ್ಟು ಕೊಡುತ್ತವೆ. ಹಿಡಿಗೂ ಹೆದೆಗೂ ನಡುವೆ ಆರು ಇಂಚು ಅಂತರ ಇರಲಿ. ಮುಷ್ಟಿ ಕಟ್ಟಿ ಹೆಬ್ಬೆರಳು ಮೇಲೆ ಚಾಚಿದರೆ ಹೆಚ್ಚುಕಡಿಮೆ ಅಷ್ಟೇ.

ಸ್ಯಾಂಡ್‌ಪೇಪರ್‌ನಲ್ಲಿ ಒರಟಿನಿಂದ ನುಣುಪಿನವರೆಗೆ ಉಜ್ಜಿ, ಅಗಸೆ ಎಣ್ಣೆ ತೆಳುವಾಗಿ ನಾಲ್ಕೈದು ಸಲ ಹಚ್ಚಿ. ತೆಂಗಿನೆಣ್ಣೆ ಒಣಗುವುದಿಲ್ಲ, ಬೇಡ. ಹಿಪ್ಪುನೇರಳೆಯ ಚೇಗು ಮೊದಲಿಗೆ ಅರಿಸಿನದಂತೆ ಹಳದಿ ಇರುತ್ತದೆ, ಬೆಳಕು ಬಿದ್ದಂತೆಲ್ಲ ಕಂದಾಗುತ್ತದೆ.

ಬಾಣ ತೀರಾ ಹಗುರ ಇರಬಾರದು. 35 ಪೌಂಡ್ ಬಿಲ್ಲಿಗೆ 23 ಗ್ರಾಂಗಿಂತ ಕಡಿಮೆ ತೂಕದ ಬಾಣ ಹಾಕಬೇಡಿ. ಬಾಣವೇ ಇಲ್ಲದೆ ಎಳೆದು ಬಿಡುವುದಂತೂ ಬೇಡವೇ ಬೇಡ. ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ತೋಳಿಗೇ ಹೊಡೆಯುತ್ತದೆ. ಬಿಲ್ಲು ನೋಡಲು ಬಂದವರೆಲ್ಲ ಮೊದಲು ಮಾಡುವ ಕೆಲಸ ಇದೇ, ಕೈಗೆ ಕೊಡುವ ಮೊದಲೇ ಹೇಳಿಬಿಡಿ. ನಿಮಗಿಂತ ಉದ್ದ ಕೈಯವರಿಗೆ ಕೊಡಲೇಬೇಡಿ. ಗುರಿಯ ಹಿಂದೆ ಮಣ್ಣಿನ ದಿಬ್ಬವೋ ಹುಲ್ಲಿನ ಮೆದೆಯೋ ಇರಲಿ. ಹಕ್ಕಿ, ಮೊಲದ ಕಡೆ ತಿರುಗಿಸಬೇಡಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ.

ಮೊದಲ ನೂರು ಬಾಣದವರೆಗೆ ಹತ್ತು ಹತ್ತಕ್ಕೊಮ್ಮೆ ನಿಲ್ಲಿಸಿ ಗಂಟುಗಳ ಸುತ್ತ ಬೆರಳಾಡಿಸಿ ನೋಡಿ. ಸಿಬಿರು ಎದ್ದಿದ್ದರೆ ಅಂಟು ಹಾಕಿ ರೇಷ್ಮೆ ದಾರ ಸುತ್ತಿ. ಹೆದೆ ಇಳಿಸಿದ ಮೇಲೂ ಬಿಲ್ಲು ಒಂದೂವರೆ ಇಂಚು ಬಾಗಿಯೇ ಉಳಿದರೆ ಅದು ಸಹಜ. ಮೂರು ಇಂಚು ದಾಟಿದರೆ ಮರ ಇನ್ನೂ ಹಸಿ ಇತ್ತು ಅಥವಾ ಹೊಟ್ಟೆ ಕುಸಿಯುತ್ತಿದೆ. ಬಾಣ ಬಿಟ್ಟಾದ ಮೇಲೆ ಪ್ರತಿ ಸಲ ಹೆದೆ ಇಳಿಸಿ. ಮೂಲೆಗೆ ಒರಗಿಸಿ ನಿಲ್ಲಿಸಿದರೆ ಕೆಳಗಿನ ತೋಳು ಸೋಲುತ್ತದೆ, ಗೋಡೆಯಲ್ಲಿ ಎರಡು ಮೊಳೆ ಹೊಡೆದು ಅಡ್ಡಕ್ಕೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಮಳೆಗಾಲದಲ್ಲಿ ಬಿಲ್ಲು ಒಂದೆರಡು ಕಿಲೋ ಮೆತ್ತಗಾಗುತ್ತದೆ. ಮೆತ್ತಗಿದೆ ಎಂದು 26 ಇಂಚಿಗಿಂತ ಜಾಸ್ತಿ ಎಳೆಯಲು ಹೋಗಬೇಡಿ, ಗಾಳಿ ಒಣಗಿದ ಮೇಲೆ ತೂಕ ವಾಪಸ್ ಬರುತ್ತದೆ.